ಗಾಡಿಗೆ ಹಚ್ಚಿದ ಭಂಡಾರ

ರೇಣುಕಾ ತವರಿನಿಂದ ತಂದದ್ದು ಎರಡೇ: ಓದಿನ ಹುಚ್ಚು ಮತ್ತು ಮಾತಿಗೆ ಮಾತು ಕೊಡುವ ನಾಲಗೆ. ನಾಲಗೆಯನ್ನು ಅತ್ತೆಯ ಮನೆಯಲ್ಲಿ ಹೇಗೋ ಹಿಡಿತದಲ್ಲಿಟ್ಟುಕೊಂಡಳು. ಹುಚ್ಚು ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ತಾಳಿಕೋಟೆ ಕಡೆಯ ಆ ಹಳ್ಳಿಯಲ್ಲಿ ಕುರಿ ಸಾಕುವ ಮನೆಯ ಸೊಸೆಯೊಬ್ಬಳು ಚೀಲ ಹೆಗಲಿಗೇರಿಸಿ ಮುದ್ದೇಬಿಹಾಳಕ್ಕೆ ಟಿ.ಸಿ.ಎಚ್. ಓದಲು ಹೋಗುವುದೆಂದರೆ, ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲೂ ಕಟ್ಟೆಯ ಮೇಲೆ ಕೂತವರಿಗೆ ಬಾಯಿಗೆ ಒಳ್ಳೆಯ ಕೆಲಸ. ಮನೆತನದ ಹಿರಿಯರು ಒಂದು ದಿನ ಮನೆಗೇ ಪಂಚಾಯ್ತಿ ಮಾಡಲು ಬಂದರು.

"ಈಕಿ ಟೀಚರ್ ಆಗಿ ಯಾರನ್ನ ಉದ್ಧಾರ ಮಾಡಬೇಕಾಗೇತಿ?"

ಉತ್ತರ ಕೊಟ್ಟವಳು ಅತ್ತೆ ರೇವವ್ವ. ಸಾಲಿಯ ಬಾಗಿಲನ್ನು ಹೊರಗಿನಿಂದ ಮಾತ್ರ ನೋಡಿದ ಹೆಂಗಸು. "ಸೊಸಿ ನಮ್ಮಾಕಿ, ಉಣ್ಣೂ ಜ್ವಾಳ ನಮ್ಮವು. ನೀವ್ಯಾಕ ಹೊಟ್ಟಿ ಉರ್ಕೋತೀರಿ?" ಎಂದಳು. ಹಿರಿಯರು ಎದ್ದರು, ಆದರೆ ಬರಿಗೈಲಿ ಏಳಲಿಲ್ಲ. ಒಂದೇ ಸಲಕ್ಕೆ ಪಾಸಾದರೆ ಸರಿ, ಇಲ್ಲದಿದ್ದರೆ ಪುಸ್ತಕ ಕಟ್ಟಿಟ್ಟು ಹೊಲ ನೋಡಿಕೊಳ್ಳಬೇಕು ಎಂದು ಮಾತು ಹಾಕಿ ಹೋದರು.

ದಿನದ ಕಾಲೇಜಿಗೆ ಬಸ್ಸು ಸಾಕಾಗಿತ್ತು. ಪರೀಕ್ಷೆ ಬೆಳಿಗ್ಗೆ ಬೇಗ ಶುರು. ಮೊದಲ ಬಸ್ಸು ಮುದ್ದೇಬಿಹಾಳ ಮುಟ್ಟುವುದರೊಳಗೆ ಕೇಂದ್ರದ ಗೇಟು ಹಾಕಿಬಿಡುತ್ತಾರೆ. ಹಾಗಾಗಿ ಭಾರವೆಲ್ಲ ಗಂಡ ಸಿದ್ದರಾಯನ ಮೋಟರ್ ಸೈಕಲ್ಲಿನ ಮೇಲೆ ಬಿತ್ತು. ಇಂಡಿ ಊರಿನ ನಿಂಬೆಹಣ್ಣಿನ ದಲ್ಲಾಳಿಯೊಬ್ಬ ವರ್ಷಗಟ್ಟಲೆ ದುಡಿಸಿ, ಸಾಕಾಗಿ ಮಾರಿದ ಗಾಡಿ ಅದು. ವಯಸ್ಸಾಗಿದ್ದರೂ ಮಾತು ಕೇಳುತ್ತಿತ್ತು. ಬೆಳಿಗ್ಗೆ ಮನೆಯ ಮುಂದೆ ಒಂದೇ ಒದೆತಕ್ಕೆ ಏಳುತ್ತಿತ್ತು.

ರೇವವ್ವನಿಗೊಂದು ರೂಢಿ. ಅಮಾವಾಸ್ಯೆ ಬಂತೆಂದರೆ ಕೈಗೆ ಭಂಡಾರದ ಬಟ್ಟಲು ಬರುತ್ತಿತ್ತು. ಮನೆದೇವರು ಮಾಳಿಂಗರಾಯನ ಹೆಸರು ಹೇಳಿ ಆ ಅರಿಶಿನದ ಪುಡಿಯನ್ನು ಟಗರಿನ ಹಣೆಗೆ, ಕಂಬಳಿಯ ಅಂಚಿಗೆ, ಹೊಸ್ತಿಲಿಗೆ ಹಚ್ಚುವಳು. ಗಾಡಿ ಮನೆಗೆ ಬಂದ ಮೇಲೆ ಅದಕ್ಕೂ ಪಾಲು ಸಿಕ್ಕಿತು. ಗಾಡಿಗೆ ಹಣೆ ಎಲ್ಲಿದೆ ಎಂದು ಸುತ್ತುಹಾಕಿ ನೋಡಿ, ಆಕಾಶಕ್ಕೆ ಮುಖ ಮಾಡಿದ ಪೆಟ್ರೋಲ್ ಟ್ಯಾಂಕಿನ ಮುಚ್ಚಳವೇ ಹಣೆ ಎಂದು ತೀರ್ಮಾನಿಸಿದ್ದಳು. ಗಾಳಿಗೆ ಹಾರದಿರಲೆಂದು ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಹೆಬ್ಬೆರಳಿನಿಂದ ಒತ್ತಿ ಹಚ್ಚುತ್ತಿದ್ದಳು. ಸೊಸೆಯ ಪರೀಕ್ಷೆ ಶುರುವಾದದ್ದೇ, ಅಮಾವಾಸ್ಯೆಗೆ ಕಾಯದೆ ದಿನಾ ಬೆಳಿಗ್ಗೆ ಹಚ್ಚತೊಡಗಿದಳು.

ಮೊದಲ ಪೇಪರಿನ ದಿನ ಅರ್ಧ ದಾರಿಯಲ್ಲಿ ಗಾಡಿ ಎರಡು ಸಲ ಗುಟುಕರಿಸಿ ನಿಂತಿತು. ಸಿದ್ದರಾಯ ಒದ್ದ, ತಳ್ಳಿದ, ಪ್ಲಗ್ ಬಿಚ್ಚಿ ಒರೆಸಿದ. ಬೆವರಿಳಿದು ಸುಸ್ತಾಗಿ ಕೂತು, ಎಷ್ಟೋ ಹೊತ್ತಿನ ಮೇಲೆ ಸುಮ್ಮನೆ ಒಂದು ಸಲ ಒದ್ದರೆ ಎದ್ದಿತು. ರೇಣುಕಾ ಏದುಸಿರು ಬಿಡುತ್ತ ಪರೀಕ್ಷಾ ಕೊಠಡಿಯೊಳಗೆ ಹೋದಾಗ ಉಳಿದವರು ಆಗಲೇ ಪುಟ ತಿರುವುತ್ತಿದ್ದರು. ಎರಡನೆಯ ಪೇಪರಿಗೂ ಅದೇ ಪಾಡು.

ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನ ಇಸಾಕ ಎರಡು ಸಲವೂ, ಪೇಪರು ಮುಗಿದ ಮೇಲೆ ರೇಣುಕಾಳ ಎದುರಿಗೇ, ಗಾಡಿ ನೋಡಿದ. ಯಾವ ಗಾಡಿ ಬಂದರೂ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ಎಂದು ಬಗ್ಗಿ ನೋಡುವುದು ಅವನ ಅಭ್ಯಾಸ. ನೋಡಿ, ಮುಚ್ಚಿ, ಒದ್ದ. ಗಾಡಿ ತಕ್ಷಣ ಎದ್ದಿತು. ಹೊಸ ಪ್ಲಗ್ ಹಾಕಿದ, ಕಾರ್ಬೊರೇಟರ್ ತೊಳೆದ. "ಸಿದ್ದಣ್ಣ, ಗಾಡಿಗೇನೂ ಆಗಿಲ್ಲ ನೋಡು. ನನ್ನ ಮುಂದ ನೆಟ್ಟಗ ಐತಿ. ನಿನ್ನ ಕಾಲಾಗ ಏನರ ಐತೇನ?" ಎಂದು ನಕ್ಕ. ಸಿದ್ದರಾಯ ಮುಖ ಊದಿಸಿಕೊಂಡ. ಮನೆಯಲ್ಲಿ ರೇವವ್ವ ಯಾರದೋ ದೃಷ್ಟಿ ತಾಗಿದೆ ಎಂದು ಭಂಡಾರದ ಪ್ರಮಾಣ ಹೆಚ್ಚಿಸಿದಳು.

ಮೂರನೆಯ ಪೇಪರಿನ ದಿನ ಗಾಡಿ ಇನ್ನೂ ಮೊದಲೇ ನಿಂತಿತು. ಎಡಬಲಕ್ಕೆ ಬರೀ ಕಡಲೆ ಕಿತ್ತ ಹೊಲ, ಮನುಷ್ಯರ ಸುಳಿವಿಲ್ಲ. ಸಿದ್ದರಾಯ ಹಲ್ಲು ಕಚ್ಚಿ ಒದೆಯುತ್ತಿದ್ದ. ರೇಣುಕಾ ಪುಸ್ತಕ ತೆರೆದರೂ ಅಕ್ಷರ ಕಣ್ಣಿಗೆ ಹತ್ತಲಿಲ್ಲ. ಇನ್ನು ಹೊಲ ನೋಡಿಕೊಳ್ಳುವ ಬಾಳೇ ಗತಿ ಎಂದುಕೊಂಡಳು. ನಮ್ಮ ಮುಂದೆ ಸಾಯುವ ಗಾಡಿ ಇಸಾಕನ ಮುಂದೆ ಮಾತ್ರ ಏಕೆ ಬದುಕುತ್ತದೆ? ನಾವು ಮಾಡದ್ದು ಅವನೇನು ಮಾಡಿದ? ಮುಚ್ಚಳ ತೆಗೆದ. ತೆಗೆದಾಗ 'ಸುಸ್' ಎಂದು ಸಣ್ಣಗೆ ಸದ್ದಾಗಿತ್ತು. ಆ ಸದ್ದು ಅವಳಿಗೆ ಹೊಸದಲ್ಲ. ಹೊಸದಾಗಿ ಸಂಸಾರಕ್ಕೆ ಬಂದಾಗ ಶೇಂಗಾ ಎಣ್ಣೆಯ ಡಬ್ಬಿಗೆ ಒಂದೇ ತೂತು ಹೊಡೆದು, ಎಣ್ಣೆ ಬರುತ್ತಿಲ್ಲವೆಂದು ಬೋರಲು ಹಾಕಿ ಅಲುಗಾಡಿಸುತ್ತ ನಿಂತಿದ್ದಳು. ರೇವವ್ವ ಬಂದು ಆಚೆ ತುದಿಗೆ ಇನ್ನೊಂದು ತೂತು ಹೊಡೆದು, "ಗಾಳಿ ಒಳಗ ಹೋಗದ ಎಣ್ಣಿ ಹೊರಗ ಬರೂದಿಲ್ಲ" ಎಂದಿದ್ದಳು.

"ಮುಚ್ಚಳ ತಗೀರಿ," ಎಂದಳು ರೇಣುಕಾ.

"ಪೆಟ್ರೋಲ್ ನಿನ್ನೀನ ಹಾಕ್ಸೇನಿ. ಅರ್ಧ ಟ್ಯಾಂಕ್ ಐತಿ."

"ಪೆಟ್ರೋಲ್ ನೋಡಾಕಲ್ಲ, ತಗೀರಿ."

"ಗಾಡಿ ವಿಷಯ ನಿನಗೇನ ತಿಳೀತೈತಿ? ಸುಮ್ನ ಓದ್ಕೊ."

ಇಷ್ಟು ದಿನ ಹಿಡಿದಿಟ್ಟ ನಾಲಗೆಯನ್ನು ಅವಳು ಆಗಲೂ ಬಿಡಲಿಲ್ಲ. ಕೀಲಿ ಕಿತ್ತುಕೊಂಡು ತಾನೇ ಮುಚ್ಚಳ ತಿರುವಿದಳು. 'ಸುಸ್' ಎಂದಿತು. "ಈಗ ಒದೀರಿ," ಎಂದಳು. ಒಂದೇ ಒದೆತಕ್ಕೆ ಗಾಡಿ ಎದ್ದಿತು.

ಸಿದ್ದರಾಯ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಅವಳು ಸೆರಗಿನ ಪಿನ್ನು ತೆಗೆದು ಮುಚ್ಚಳವನ್ನು ಕೆರೆದಳು. ಟ್ಯಾಂಕಿಗೆ ಉಸಿರಾಡಲು ಬಿಟ್ಟ ಸಣ್ಣ ತೂತೊಂದು ಅಲ್ಲಿತ್ತು. ಅದರೊಳಗಿಂದ ಗಟ್ಟಿಯಾದ ಹಳದಿ ಮುದ್ದೆ ಹೊರಬಂತು. ಅದೇನೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸಿದ್ದರಾಯನಿಗೆ ನಗು ತಡೆಯಲಾಗಲಿಲ್ಲ. ರೇಣುಕಾಳಿಗೆ ನಗು ಬರಲಿಲ್ಲ. ಇವರು ಕೇಂದ್ರ ಮುಟ್ಟಿದಾಗ ಸಿಪಾಯಿ ಗೇಟು ಎಳೆಯುತ್ತಿದ್ದ. ಜೀವ ಕೈಯಲ್ಲಿ ಹಿಡಿದು ಒಳಗೆ ನುಗ್ಗಿದಳು.

"ಅವ್ವಗ ಹೇಳಬ್ಯಾಡ, ನೊಂದ್ಕೋತಾಳ. ದಿನಾ ಊರ ದಾಟಿದ ಮ್ಯಾಲ ಪಿನ್ ಚುಚ್ಚೂಣು," ಎಂದ ಸಿದ್ದರಾಯ ಮರಳುವಾಗ. ರೇಣುಕಾ ಒಪ್ಪಿದಳು. ಆದರೆ ಕೊನೆಯ ಪೇಪರಿನ ಬೆಳಿಗ್ಗೆ, ಕೈಯಲ್ಲಿ ನಿಂಬೆ ಗಾತ್ರದ ಭಂಡಾರದ ಉಂಡೆ ಹಿಡಿದು ಅತ್ತೆ ಗಾಡಿಯ ಕಡೆ ಬರುವುದನ್ನು ಕಂಡಾಗ, ಈ ಮುದುಕಿಗೆ ಮೋಸ ಮಾಡುವುದು ಅವಳಿಂದ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ರೇವವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. "ಮೊದಲನೇ ದಿನ ತಡ ಆಗಿದ್ದೂ ನನ್ನ ಕೈಯಿಂದನ?"

"ಹೌದ್ರಿ ಅತ್ತಿ. ಆದ್ರ ಗಾಳಿ ಹೋಗಬೇಕು ಅಂತ ಕಲಿಸಿದ್ದೂ ನೀವ."

ಮುದುಕಿ ಆ ಸಮಾಧಾನವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೈಯಲ್ಲಿದ್ದ ಉಂಡೆಯನ್ನೇ ನೋಡುತ್ತ, "ನನಗ ಓದಾಕ ಬರೂದಿಲ್ಲ, ಬರಿಯಾಕ ಬರೂದಿಲ್ಲ. ನಿನ್ನ ಪರೀಕ್ಷಾಕ ನನ್ನ ಕೈಲೆ ಆಗೂದು ಇದೊಂದ ಇತ್ತು," ಎಂದಳು.

ರೇಣುಕಾಳ ಕಣ್ಣು ತುಂಬಿ ಬಂತು. ಆಗ ಅವಳ ನಾಲಗೆ ಅತ್ತೆಯ ಮುಂದೆ ಮೊದಲ ಸಲ ಸಡಿಲವಾಯಿತು. "ಹಂಗಾದ್ರ ಕುಂತು ಅಳಬ್ಯಾಡ್ರಿ. ಕೈ ತೊಳ್ಕೊಂಡು ಬರ್ರಿ. ಇವತ್ತ ನೀವೂ ನಮ್ಮ ಕೂಡ ಬರಬೇಕು."

ಹುಟ್ಟಿದಂದಿನಿಂದ ಮೋಟರ್ ಸೈಕಲ್ ಹತ್ತದ ರೇವವ್ವ ಮಗ ಸೊಸೆಯ ನಡುವೆ ಕಣ್ಣು ಮುಚ್ಚಿ ಕೂತು, ದಾರಿಯುದ್ದಕ್ಕೂ ಮಾಳಿಂಗರಾಯನನ್ನು ಕರೆದಳು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಅವಳು ಗೇಟಿನ ಎದುರಿಗೆ ಕೂತಿದ್ದಳು. ಮಗ ಚಹಾಕ್ಕೆ ಕರೆದರೂ ಕದಲಲಿಲ್ಲ. ರೇಣುಕಾ ಬರೆಯುತ್ತ ಬರೆಯುತ್ತ ಕಿಟಕಿಯಾಚೆ ನೋಡಿದಾಗೆಲ್ಲ ಅತ್ತೆಯ ಇಳಕಲ್ ಸೀರೆ ಅಲ್ಲೇ ಇತ್ತು.

ಬೇಸಿಗೆ ಕಳೆದು ಫಲಿತಾಂಶ ಬಂತು. ಆ ಸಂಜೆ ರೇವವ್ವ ಕುರಿ ಹೊಡೆದುಕೊಂಡು ಕಟ್ಟೆಯ ಮುಂದೆ ಹಾದು ಹೋಗುವಾಗ, ಮನೆತನದ ಹಿರಿಯರು ಬೇಕೆಂದೇ ಕೂಗಿ ಕೇಳಿದರು.

"ಏನಾತಬೇ ನಿನ್ನ ಸೊಸಿದು?"

ರೇವವ್ವ ನಿಲ್ಲಲಿಲ್ಲ. ಕುರಿಗಳ ಹಿಂದೆ ನಡೆಯುತ್ತಲೇ ಹೇಳಿದಳು.

"ಪಾಸಾದ್ವಿ."