ಬೇಡಿ ತಂದ ಉಲ್ಲನ್

ಮೊನ್ನೆ ಸಂಜೆ ಬಗ್ಗಿ ದೇವರ ದೀಪ ಹಚ್ಚುವಾಗ ಮುಂಗೂದಲಿನ ನಾಲ್ಕೆಳೆ ಚುರ್ರೆಂದು ಸುಟ್ಟವು. ಸುಟ್ಟ ಕೂದಲಿನ ವಾಸನೆ ಯಾರಿಗೆ ತಾನೆ ಇಷ್ಟ. ಮಗಳು ಮೂಗು ಮುಚ್ಚಿಕೊಂಡು ಫ್ಯಾನ್ ಹಾಕಿದಳು. ನಾನು ಅದನ್ನು ಆರಿಸಿ ಇನ್ನಷ್ಟು ಹೊತ್ತು ಅಲ್ಲೇ ಕೂತೆ. ಕಾನಹೊಸಹಳ್ಳಿಯ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬಂದಿತ್ತು. ಅಲ್ಲಿ ನಮ್ಮಜ್ಜಿ ಹಾಲವ್ವ ಚಿಮಣಿ ದೀಪದ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ದಾರದ ತುದಿಯನ್ನು ಉರಿಗೆ ಹಿಡಿದು ಮೂಸುತ್ತಿದ್ದಳು. ಕೂದಲಿನ ವಾಸನೆ ಬಂದರೆ ಅದು ಕುರಿಯ ಉಣ್ಣೆ. ಕರಗಿ ಕರಿಮಣಿಯಂತೆ ಗಟ್ಟಿಯಾದರೆ ಫ್ಯಾಕ್ಟರಿಯದು. ಅಜ್ಜಿಯ ತವರು ಚಿಗಟೇರಿ, ಕುರಿ ಸಾಕಿದ ಮನೆ. ಲೋಕದ ಉಲ್ಲನ್ನನ್ನೆಲ್ಲ ಅವಳು ಹೀಗೆ ಎರಡೇ ಜಾತಿ ಮಾಡಿ ಇಟ್ಟಿದ್ದಳು. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಇದ್ದಿರಬೇಕು, ಎಲ್ಲವನ್ನೂ ಮೂಸಿ, ಮುಟ್ಟಿ, ಎಳೆದು ನೋಡಿ ತೀರ್ಪು ಕೊಡುವವಳು.

ಮನೆ ಇದ್ದದ್ದು ಹೈವೇ ಪಕ್ಕದಲ್ಲೇ. ಲಾರಿ ಹೋದಾಗಲೆಲ್ಲ ಅಡುಗೆಮನೆಯ ನಾಗೊಂದಿಗೆಯ ಮೇಲಿನ ಹಿತ್ತಾಳೆ ತಟ್ಟೆಗಳು ಸಣ್ಣಗೆ ಮಾತಾಡಿಕೊಳ್ಳುತ್ತಿದ್ದವು. ಅಜ್ಜಿ, ಅಪ್ಪ, ಅವ್ವ, ಚಿಗಪ್ಪ, ಚಿಗವ್ವ, ಮತ್ತೆ ನಾನು. ಚಿಗವ್ವನ ಹೆಸರು ರತ್ನ. ಕೂಡ್ಲಿಗಿಯ ತವರಿನಲ್ಲಿ ಹೊಲಿಗೆ ಕ್ಲಾಸಿಗೆ ಹೋಗುವಾಗ ಹೆಣಿಗೆಯನ್ನೂ ಕಲಿತು ಬಂದಿದ್ದಳು. ಸೈಕಲ್ ಚಕ್ರದ ಎರಡು ಕಡ್ಡಿಗಳ ತುದಿಯನ್ನು ಕಲ್ಲಿಗೆ ಉಜ್ಜಿ ಮಾಡಿಕೊಂಡ ಹೆಣಿಗೆ ಕಡ್ಡಿ ಅವಳದು. ಮೊದಲ ಬಸಿರಿನಲ್ಲಿ ಹಳದಿ ಉಲ್ಲನ್ ಕೊಂಡು ಟೊಪ್ಪಿಗೆ, ಕಾಲುಚೀಲ, ಅಂಗಿ ಎಲ್ಲವನ್ನೂ ಹೆಣೆದು ಇಟ್ಟಿದ್ದಳಂತೆ. ಆ ಮಗು ಹನ್ನೊಂದು ದಿನ ಇತ್ತು. ಎರಡನೆಯದು ಅಷ್ಟೂ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಹೊಸ ಬಟ್ಟೆ ಮಾಡಿಡಬಾರದಿತ್ತು ಎಂದು ಓಣಿಯವರು ಆಡಿಕೊಂಡರು. ಅಜ್ಜಿ ಆಡಲಿಲ್ಲ, ಆದರೆ ಅವಳು ಆಡದೆ ಬಿಟ್ಟದ್ದು ಚಿಗವ್ವನಿಗೆ ಎಲ್ಲರ ಮಾತಿಗಿಂತ ಜೋರಾಗಿ ಕೇಳಿಸುತ್ತಿತ್ತು. ಸೈಕಲ್ ಕಡ್ಡಿಗಳು ಅಟ್ಟ ಸೇರಿದವು.

ತೊಂಬತ್ತರ ದಶಕದ ನಡುವಿನ ಒಂದು ಮಧ್ಯಾಹ್ನ, ನಾನು ಐದನೆಯ ಕ್ಲಾಸಿನಲ್ಲಿದ್ದಾಗ, ಹಂಪಿಗೆ ಹೊರಟಿದ್ದ ಒಂದು ಪ್ರವಾಸಿ ಬಸ್ಸು ನಮ್ಮ ಮನೆಯ ಮುಂದೆ ಕೆಟ್ಟು ನಿಂತಿತು. ಒಳಗಿದ್ದವರೆಲ್ಲ ಬೆಳ್ಳಗಿನ ಜನ. ಅವರಲ್ಲೊಬ್ಬ ಮುದುಕಿ ನೆರಳು ಹುಡುಕುತ್ತ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು; ಚೀಲದಿಂದ ಕಡ್ಡಿ, ಬಿಳಿ ಉಲ್ಲನ್ ಉಂಡೆ ತೆಗೆದು ಹೆಣೆಯತೊಡಗಿದಳು. ಬಾಗಿಲ ಹಿಂದೆ ನಿಂತಿದ್ದ ಚಿಗವ್ವ ಮೊದಲು ಹೊಸ್ತಿಲಿಗೆ ಬಂದಳು, ಆಮೇಲೆ ಕಟ್ಟೆಗೆ, ಆಮೇಲೆ ಆ ಮುದುಕಿಯ ಪಕ್ಕಕ್ಕೆ. ಆಗ ಅವಳಿಗೆ ಐದು ತಿಂಗಳು. ಇಬ್ಬರ ನಡುವೆ ಒಂದೂ ಮಾತಿಲ್ಲ. ಮುದುಕಿ ಎಳೆ ಹಾಕುವುದನ್ನು ನಿಧಾನ ಮಾಡಿ ತೋರಿಸಿದಳು. ಚಿಗವ್ವ ಕಡ್ಡಿ ತೆಗೆದುಕೊಂಡು ಎರಡು ಸಾಲು ಹೆಣೆದು ಕೊಟ್ಟಳು. ಮುದುಕಿ ಗಟ್ಟಿಯಾಗಿ ನಕ್ಕಳು. ಬಸ್ಸು ಹಾರ್ನ್ ಹೊಡೆದಾಗ ಚೀಲದೊಳಗಿಂದ ಒಂದು ಮಡಿಸಿದ ಹಾಳೆ ತೆಗೆದು, ಅದರ ಮೇಲಿದ್ದ ಕೂಸಿನ ಅಂಗಿಯ ಚಿತ್ರವನ್ನು ತೋರಿಸಿ, ಚಿಗವ್ವನ ಹೊಟ್ಟೆಯ ಕಡೆ ಬೆರಳು ಮಾಡಿದಳು. ಮೊಳದುದ್ದ ದಾರ ಕಡಿದು ಹಾಳೆಯ ಜೊತೆಗಿಟ್ಟಳು. ಆ ದಾರ ಹಸಿಗೂಸಿನ ಕಿವಿಯಷ್ಟು ಮೆತ್ತಗಿತ್ತು.

ಹಾಳೆಯನ್ನು ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಅಕ್ಷರ ಎಲ್ಲಾ ನನ್ನ ಪರಿಚಯದವಾ. ಆದ್ರ ಇವು ಕೂಡಿ ಏನ್ ಮಾತಾಡ್ತಾವಂತ ನನಗ ಗೊತ್ತಿಲ್ಲವ್ವ, ಇದು ಇಂಗ್ಲಿಷಲ್ಲ" ಎಂದರು. ಚಿಗವ್ವನಿಗೆ ಅದರ ಚಿಂತೆ ಇರಲಿಲ್ಲ. ಹಾಳೆಯ ಹಿಂದುಗಡೆ ಚೌಕಗಳೂ ಚುಕ್ಕಿಗಳೂ ತುಂಬಿದ ನಕ್ಷೆಯಿತ್ತು; ದಿನಾ ಅಂಗಳದಲ್ಲಿ ಚುಕ್ಕಿ ಇಟ್ಟು ಎಳೆ ಎಳೆಯುವ ಕೈಗೆ ಅದು ತಿಳಿಯದ ಭಾಷೆ ಆಗಿರಲಿಲ್ಲ. ತಿಳಿಯದ್ದು ಉಲ್ಲನ್ ಒಂದೇ. ಎಷ್ಟು ದಪ್ಪದ್ದು, ಯಾವ ಹೆಸರಿನದು, ಎಲ್ಲಿ ಸಿಗುತ್ತದೆ. ಅಟ್ಟದಿಂದ ಒಂದು ಸೈಕಲ್ ಕಡ್ಡಿ ಇಳಿಸಿ, ಆ ಮೊಳದ ದಾರವನ್ನು ಒತ್ತಾಗಿ ಹತ್ತು ಸುತ್ತು ಸುತ್ತಿ, ಅದು ಮುಚ್ಚಿದಷ್ಟು ಜಾಗದ ಎರಡೂ ತುದಿಗೆ ಮೊಳೆಯಿಂದ ಗೀರು ಹಾಕಿದಳು. ಇನ್ನು ಯಾವ ದಾರ ಆ ಎರಡು ಗೀರುಗಳ ನಡುವೆ ಹತ್ತು ಸುತ್ತಿಗೆ ಸರಿಯಾಗಿ ಕೂಡುತ್ತದೋ ಅದೇ ದಾರ. ಆ ಮುದುಕಿಯ ಕಡ್ಡಿಗಳು ದಪ್ಪ ಇದ್ದವೆಂದು ಚಿಗವ್ವ ಹೇಳಿದ್ದಷ್ಟೇ; ಚಿಗಪ್ಪ ಬಿದಿರು ಸೀಳಿ, ಗಾಜಿನ ಚೂರಿನಿಂದ ಹೆರೆದು, ಎರಡು ನುಣ್ಣನೆಯ ಕಡ್ಡಿ ಮಾಡಿಕೊಟ್ಟ.

ಚಿಗಪ್ಪನ ಜೊತೆ ಕೊಟ್ಟೂರಿಗೆ ಹೋಗಿ ಚಿಗವ್ವ ಅಂಗಡಿ ಅಂಗಡಿ ತಿರುಗಿದಳು. ಒಬ್ಬ ಅಂಗಡಿಯವನು ದಾರವನ್ನು ಬೆರಳಲ್ಲಿ ಹೊರಳಿಸಿ, "ಇದ್ಯಾವ ದೇಶದ ಕುರೀದವ್ವ? ನಮ್ಮ ಕುರಿ ಇದನ್ನ ನೋಡಿದ್ರ ನಾಚ್ಕಂತಾವ" ಎಂದನಂತೆ. ಮೂರು ಬಗೆಯ ಉಲ್ಲನ್ನಿನ ತುಂಡು ಮಾದರಿಗೆಂದು ತಂದಳು. ಅಜ್ಜಿ ಚಿಮಣಿಯ ಮುಂದೆ ಕೂತದ್ದು ಆಗಲೇ. ಮೂರೂ ಕರಗಿ ಮಣಿಯಾದವು. ಕೊನೆಗೆ ಆ ಬಿಳಿ ದಾರದ ತುದಿ ಹಿಡಿದಳು. ಮನೆಯೆಲ್ಲ ಕೂದಲಿನ ವಾಸನೆ.

"ಯಾವ ದೇಶದ್ದಾದ್ರೇನು, ಕುರಿ ಕುರೀನಾ," ಎಂದು ಅಜ್ಜಿ ತುದಿಯನ್ನು ಹೊಸಕಿದಳು. ಆಮೇಲೆ ತಲೆ ಎತ್ತದೆ ಕೇಳಿದಳು: "ಯಾರಿಗೆ ರತ್ನ ಇದು?"

ಚಿಗವ್ವ ಹಾಳೆಯನ್ನು ಮಡಿಸಿ ಸೆರಗಿನೊಳಗೆ ಸೇರಿಸಿದಳು. ಅವ್ವ ಒಲೆಯ ಮುಂದೆ ಊದುಗೊಳವೆ ಹಿಡಿದವಳು ಊದುವುದನ್ನು ನಿಲ್ಲಿಸಿದಳು.

"ಹೆಣಿ. ನಾನೇನು ಬ್ಯಾಡ ಅನ್ನಂಗಿಲ್ಲ," ಎಂದಳು ಅಜ್ಜಿ. "ಆದ್ರ ಈ ಮನ್ಯಾಗ ಕೊಂಡು ತಂದಿದ್ದು ಆ ಕೂಸಿನ ಮೈಮ್ಯಾಲೆ ಬೀಳಬಾರ್ದು. ಮಕ್ಕಳು ಉಳದಂಥಾ ಮನ್ಯಾಗ ಬೇಡಿ ತಂದಿದ್ದಾಗಬೇಕು. ಮತ್ತ ಕೂಸು ಹುಟ್ಟಿ ಉಳದು ನಿಲ್ಲೋತನಕ ಒಂದು ತೋಳು ಹಚ್ಚಬ್ಯಾಡ."

"ಬೇಡೋರು ಯಾರು ಅತ್ತಿ?"

"ನಾನದೀನಲ್ಲ."

ಹಾಲಿಗೆ ಹೆಪ್ಪು ಇಲ್ಲದಿದ್ದರೂ ಪಕ್ಕದ ಮನೆಯಲ್ಲಿ ಕೇಳದ ಹೆಂಗಸು ನಮ್ಮಜ್ಜಿ. ಒಂದು ದಿನ ಮಜ್ಜಿಗೆಯಿಲ್ಲದೆ ಉಂಡೇವು, ಸಾಲ ಕೇಳಿ ಉಣ್ಣುವುದಿಲ್ಲ ಎನ್ನುವವಳು. ಮರುದಿನ ಬೆಳಿಗ್ಗೆ ತಲೆ ತುಂಬ ಸೆರಗು ಹೊದ್ದು, ನನ್ನ ಕೈ ಹಿಡಿದು, ಲಾರಿ ಓಡಿಸುವ ಖಾಸೀಮಣ್ಣನ ಮನೆ ಬಾಗಿಲಲ್ಲಿ ಉಡಿಯೊಡ್ಡಿ ನಿಂತಳು. ನಿಂತಳಷ್ಟೇ, ಬಾಯಿ ಬರಲಿಲ್ಲ. ಖಾಸೀಮಣ್ಣನ ಹೆಂಡತಿ ಬೀಬಮ್ಮ, ಐದು ಮಕ್ಕಳ ತಾಯಿ, ಹೊರಗೆ ಬಂದು, "ಏನ್ರಿ ಹಾಲವ್ವಾರ, ನಮ್ಮ ಕೋಳಿ ಮತ್ತ ನಿಮ್ಮನ್ಯಾಗ ತತ್ತಿ ಇಟ್ಟೈತೇನು?" ಎಂದಳು. ಅಜ್ಜಿ ಒಡ್ಡಿದ ಉಡಿಯನ್ನು ಇಳಿಸದೆ ನಿಂತದ್ದನ್ನು ನೋಡಿ ನಾನೇ ಹೇಳಿದೆ, ಚಿಗವ್ವನ ಕೂಸಿಗೆ ಉಲ್ಲನ್ ಬೇಡಲು ಬಂದಿದ್ದೇವೆ ಎಂದು. ಬೀಬಮ್ಮನ ನಗು ನಿಂತಿತು. ಒಳಗೆ ಹೋಗಿ, ಗಂಡ ಉತ್ತರದ ಕಡೆ ಲೋಡು ಒಯ್ದಾಗ ತಂದಿದ್ದ ಇಟ್ಟಿಗೆ ಬಣ್ಣದ ಮಫ್ಲರ್ ತಂದು ಉಡಿಗೆ ಹಾಕಿದಳು. "ಖಾಸೀಮ ಏನಂದಾನು ಬೀಬಿ?" ಎಂದು ಅಜ್ಜಿಗೆ ಆಗ ದನಿ ಬಂತು. "ಏನಂತಾನ? ಐದು ಮಕ್ಕಳು ಕೊಟ್ಟಾನ, ಒಂದು ಮಫ್ಲರ್ ಕೊಡಾಂಗಿಲ್ಲೇನು?" ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕರು.

ಆಮೇಲಿನ ಮನೆಗಳಲ್ಲಿ ಅಜ್ಜಿಗೆ ಅಷ್ಟು ಕಷ್ಟವಾಗಲಿಲ್ಲ. ರಿಟೈರಾದ ಪೋಸ್ಟ್‌ಮ್ಯಾನ್ ಬಸಣ್ಣ ಮಂಕಿ ಟೊಪ್ಪಿಗೆ ಹಾಕಿಕೊಂಡು ಜಗಲಿಯ ಮೇಲೆ ಎಳೆಬಿಸಿಲಿಗೆ ಮೈ ಕಾಯಿಸುತ್ತಿದ್ದ. ಅವನ ಹೆಂಡತಿ ಕೊಟ್ರವ್ವ ವಿಷಯ ತಿಳಿದದ್ದೇ ಹಿಂದಿನಿಂದ ಬಂದು ಟೊಪ್ಪಿಗೆ ಕಿತ್ತಳು. "ಲೇ, ನನ್ನ ತಲಿ ತಣ್ಣಗಾಗ್ತೈತಿ," ಎಂದ ಬಸಣ್ಣ. "ಆಗಲಿ ಬಿಡು. ಅದರಾಗ ಬೆಚ್ಚಗಿಡೂವಂಥದ್ದು ಏನೈತಿ?" ಐದು ಮನೆ ತಿರುಗಿ ಬಂದಾಗ ಉಡಿಯಲ್ಲಿ ಮಫ್ಲರು, ಟೊಪ್ಪಿಗೆ, ಮೊಣಕೈ ಹರಿದ ಸ್ಕೂಲಿನ ನೀಲಿ ಸ್ವೆಟರು, ಇನ್ನೆರಡು ಮನೆಯ ಚೂರುಪಾರು. ಅಜ್ಜಿಯ ಮುಖದಲ್ಲಿ ಗೆದ್ದು ಬಂದ ಕಳೆ ಇತ್ತು.

ಬಿಚ್ಚುವ ಕೆಲಸ ನನ್ನದು ಮತ್ತು ಚಿಗವ್ವನದು. ತುದಿ ಸಿಕ್ಕರೆ ಸಾಕು, ಸರ್ರೆಂದು ಬಿಚ್ಚಿಕೊಳ್ಳುತ್ತಿತ್ತು. ಆದರೆ ಬಂದ ದಾರವೆಲ್ಲ ಶಾವಿಗೆಯ ಹಾಗೆ ಸುರುಳಿ ಸುರುಳಿ. ತಣ್ಣೀರಲ್ಲಿ ಅದ್ದಿ, ತುದಿಗೆ ಚೆಂಬು ಕಟ್ಟಿ ನೇತುಹಾಕಿ ನೇರ ಮಾಡಬೇಕು. ತೆಳ್ಳಗಿನ ನೀಲಿಯನ್ನು ಚಿಗವ್ವ ಎರಡೆಳೆ ಕೂಡಿಸಿದಳು, ಟೊಪ್ಪಿಗೆಯ ದಪ್ಪ ಎಳೆಯನ್ನು ಹುರಿ ಬಿಡಿಸಿ ಸೀಳಿದಳು. ಪ್ರತಿಯೊಂದನ್ನೂ ಸೈಕಲ್ ಕಡ್ಡಿಯ ಗೀರುಗಳ ನಡುವೆ ಹತ್ತು ಸುತ್ತು ಸುತ್ತಿ ನೋಡಿದಳು. ಏನೂ ಮಾಡದೆ ತಾನಾಗಿಯೇ ಸರಿಯಾಗಿ ಕೂತದ್ದು ಬೀಬಮ್ಮನ ಮಫ್ಲರಿನ ದಾರ. ಚಿಮಣಿಗೆ ಹಿಡಿದರೆ ಕೂದಲಿನ ವಾಸನೆ. ಅದನ್ನು ಎರಡೂ ತೋಳಿಗೆಂದು ಬೇರೆಯಾಗಿ ತೆಗೆದಿಟ್ಟಳು.

ನಮ್ಮವ್ವ ಮಡಿ, ಮೈಲಿಗೆಗಿಂತ ಕೊಳೆಗೆ ಹೆದರುವವಳು. ಬಾಣಂತಿಯ ಬಟ್ಟೆ, ಕೂಸಿನ ಬಟ್ಟೆ ಏನೇ ಇರಲಿ, ಸೋಡಾ ಹಾಕಿ ಕುದಿಸದೆ ಒಳಗೆ ಬಿಡುತ್ತಿರಲಿಲ್ಲ. ಯಾರ್ಯಾರದೋ ಕತ್ತು, ತಲೆ ಮುಟ್ಟಿದ ದಾರ ಎಂದು, ಚಿಗವ್ವ ಮಲಗಿದ್ದ ಹೊತ್ತಿನಲ್ಲಿ ಕೈಗೆ ಸಿಕ್ಕ ಆ ಮಫ್ಲರಿನ ದಾರವನ್ನು ಹಂಡೆಗೆ ಹಾಕಿ, ಕುದಿಸಿ, ಕೋಲಿನಿಂದ ಚೆನ್ನಾಗಿ ತಿರುವಿದಳು. ಎತ್ತಿದಾಗ ದಾರವೇ ಇಲ್ಲ; ಕುದಿನೀರಲ್ಲಿ ಉಣ್ಣೆಯ ಎಳೆಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಎಮ್ಮೆಯ ಕಿವಿಯಷ್ಟು ದಪ್ಪನೆಯ ಒಂದು ಇಟ್ಟಿಗೆ ಬಣ್ಣದ ಮುದ್ದೆ.

ಎದ್ದು ಬಂದ ಚಿಗವ್ವ ಅದನ್ನು ನೋಡಿ ಬಚ್ಚಲ ಮುಂದೆ ಕೂತುಬಿಟ್ಟಳು. ಜಗಳ ಮಾಡಿದ್ದರೆ ಒಳ್ಳೆಯದಿತ್ತು. "ಇರ್ಲಿ ಬಿಡಕ್ಕ. ಇದೂ ಉಳಿಯಂಗಿಲ್ಲಂತ ಕಾಣ್ತೈತಿ," ಎಂದಳು, ನೀರು ಕಾದಿದೆಯೇ ಎಂದು ಕೇಳುವಷ್ಟು ಸಣ್ಣ ದನಿಯಲ್ಲಿ. ಅವ್ವ ಕೋಲು ಹಿಡಿದೇ ನಿಂತಿದ್ದಳು, ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅಜ್ಜಿ ಬಂದು ಆ ಮುದ್ದೆಯನ್ನು ಹಿಂಡಿ, ಒಂದು ತುದಿಯನ್ನು ಚಿಗವ್ವನ ಕೈಗೆ ಕೊಟ್ಟಳು.

"ಹಿಡಿ. ಜಗ್ಗು."

ಚಿಗವ್ವ ಜಗ್ಗಲಿಲ್ಲ.

"ಜಗ್ಗು ಅಂದೆ ರತ್ನ. ಮೈಯಾಗ ಇದ್ದಷ್ಟು ಬಲ ಹಾಕು."

ಜಗ್ಗಿದಳು. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ. ಮುದ್ದೆ ಹಿಗ್ಗಲೂ ಇಲ್ಲ, ಹರಿಯಲೂ ಇಲ್ಲ. "ನೋಡಿದಿಲ್ಲ? ಬಿಡಿಬಿಡಿ ಇದ್ದದ್ದು ಒಂದಾಗೈತಿ. ಇನ್ನ ಇದನ್ನ ಬಿಚ್ಚಾಕ ಯಾವ ಕೈಲಿಂದನೂ ಆಗಂಗಿಲ್ಲ. ಕೂಸೂ ಹಿಂಗಾ ಕಚ್ಚಿ ನಿಂದರತೈತಿ, ನನ್ನ ಮಾತು ತಗೋ," ಎಂದ ಅಜ್ಜಿ, ಅವ್ವನ ಕಡೆ ತಿರುಗಿ, "ನೀನು ಆ ಕೋಲು ಕೆಳಗಿಡು, ಕುಸ್ತಿಗೆ ನಿಂತಂಗ ನಿಂತೀಯ," ಎಂದಳು. ಅವ್ವ ಆ ಮುದ್ದೆಯನ್ನು ತಟ್ಟಿ ಒಣಗಿಸಿ, ಹಳೆ ಸೀರೆಯೊಳಗಿಟ್ಟು ಹೊಲಿದು, ತೊಟ್ಟಿಲಿಗೆ ಹಾಸಿಗೆ ಮಾಡಿದಳು.

ಮರುದಿನವೇ ಅಜ್ಜಿ ಗೀರು ಹಾಕಿದ ಸೈಕಲ್ ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಿಗಟೇರಿಯ ಬಸ್ಸು ಹತ್ತಿದಳು. ಎಂಟು ದಿನ ಬರಲಿಲ್ಲ. ಬೈಯುವವರಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಒಂಬತ್ತನೆಯ ದಿನ ಬಂದವಳ ಸೆರಗಿನ ಗಂಟಿನಲ್ಲಿ ಕಂದು ಬಣ್ಣದ ಎರಡು ಉಂಡೆ. ಮರಿಗಳಿಗೆ ಮೊದಲ ಸಲ ಕತ್ತರಿ ಹಾಕಿ ತೆಗೆದ ಉಣ್ಣೆಯನ್ನು ಅಣ್ಣನ ಮನೆಯಲ್ಲಿ ಬೇಡಿ, ಅಂಟುವಾಳದ ನೊರೆಯಲ್ಲಿ ತೊಳೆದು, ತಾನೇ ರಾಟೆಗೆ ಕೂತು ನೂತಿದ್ದಳು. ಕಡ್ಡಿಗೆ ಸುತ್ತಿದರೆ ಸರಿಯಾಗಿ ಹತ್ತು. ಚಿಗವ್ವ ಕೆನ್ನೆಗೆ ಒತ್ತಿ ನೋಡಿ, "ಒಂಚೂರು ಚುಚ್ಚತೈತಿ ಅತ್ತಿ," ಎಂದಳು. "ಚುಚ್ಚಲಿ. ಕೂಸು ಎಚ್ಚರ ಇರತೈತಿ."

ಮಾಗಿಯ ಚಳಿಯಲ್ಲಿ ಹೆಣ್ಣು ಕೂಸು ಹುಟ್ಟಿತು, ಅಂಗೈ ಅಗಲದ್ದು. ಮೈ, ಕತ್ತು, ಚೂರುಪಾರು ದಾರದ ಒಂದು ತೋಳು ಹೆಣೆದ ಅಂಗಿ ಗೂಟಕ್ಕೆ ತೂಗುತ್ತಿತ್ತು; ಅಜ್ಜಿಯ ಕಂದು ಉಂಡೆ ಇನ್ನೊಂದು ತೋಳಿಗೆ ಕಾದಿತ್ತು. ಎಂಟು, ಒಂಬತ್ತು, ಹತ್ತು. ಯಾರೂ ದಿನಗಳನ್ನು ಬಾಯಿಬಿಟ್ಟು ಎಣಿಸಲಿಲ್ಲ. ಹನ್ನೊಂದನೆಯ ದಿನ ಅಜ್ಜಿ ಬಾಣಂತಿ ಕೋಣೆಯ ಹೊಸ್ತಿಲು ಬಿಟ್ಟು ಏಳಲಿಲ್ಲ, ಉಣ್ಣಲೂ ಇಲ್ಲ. ಹನ್ನೆರಡನೆಯ ಬೆಳಿಗ್ಗೆ ಕೂಸಿನ ಅಳು ಹೈವೇ ಲಾರಿಯನ್ನೂ ಮೀರಿ ಕೇಳಿದಾಗ, ಬಾಣಂತಿಯರು ಕಣ್ಣಿಗೆ ಆಯಾಸ ಮಾಡಿಕೊಳ್ಳಬಾರದು ಎಂದು ಲೋಕಕ್ಕೆಲ್ಲ ಹೇಳುತ್ತಿದ್ದ ನಮ್ಮಜ್ಜಿ, ಬಿದಿರು ಕಡ್ಡಿಗಳನ್ನೂ ಕಂದು ಉಂಡೆಯನ್ನೂ ತಾನೇ ಒಳಗೆ ಒಯ್ದು ಕೊಟ್ಟಳು. "ರತ್ನ, ತೋಳು ಹಚ್ಚು."

ಬೇಡಿ ಬಂದ ಕೂಸು, ತಿಪ್ಪೆಯ ಹೆಸರಿದ್ದರೆ ಯಾರ ಕಣ್ಣೂ ಬೀಳದೆಂದು ತಿಪ್ಪವ್ವ ಎಂದು ಹೆಸರಿಟ್ಟರು. ನೀಲಿ ಮೈ, ಬೂದು ಕತ್ತು, ಪಟ್ಟೆ ಪಟ್ಟೆಯ ಒಂದು ತೋಳು, ಕಂದು ಬಣ್ಣದ ಇನ್ನೊಂದು. "ಆ ಬಸ್ಸಿನ ದೊರೆಸಾನಿ ನೋಡಿದ್ರ ಇದು ತನ್ನ ಹಾಳ್ಯಾಗಿನ ಅಂಗಿ ಅಂತ ಗುರುತಾ ಹಿಡಿಯಂಗಿಲ್ಲ," ಎಂದು ಅಜ್ಜಿ ನಗುತ್ತಿದ್ದಳು. ತಿಪ್ಪಿ ಅದನ್ನು ಹಾಕಿಕೊಂಡೇ ಅಂಬೆಗಾಲಿಟ್ಟಳು, ಅದರಲ್ಲೇ ನಿಂತಳು, ಬಿದ್ದಳು. ಅವಳಿಗೆ ಮೂರು ತುಂಬುವ ಮೊದಲೇ ಅಜ್ಜಿ ಹೋದಳು. ಒಂದು ಮಧ್ಯಾಹ್ನ ಉಂಡು ಅಡ್ಡಾದವಳು ಏಳಲಿಲ್ಲ.

ಆ ಚಳಿಗಾಲದಲ್ಲಿ ತಂಬ್ರಹಳ್ಳಿಯ ಕಡೆಯ ಒಬ್ಬ ಹೆಂಗಸು, ಯಾರೋ ಹೇಳಿದ್ದನ್ನು ಕೇಳಿ, ನಮ್ಮ ಕಟ್ಟೆಯ ಕೆಳಗೆ ಬಂದು ಉಡಿಯೊಡ್ಡಿ ನಿಂತಳು. ಅವಳ ಸೊಸೆಗೆ ಎರಡು ಕೂಸು ಹುಟ್ಟಿ ಹೋಗಿದ್ದವಂತೆ. ಚಿಗವ್ವ ಒಳಗೆ ಹೋಗಿ ಪೆಟ್ಟಿಗೆ ತೆರೆದು ಬಹಳ ಹೊತ್ತು ಬರಲಿಲ್ಲ. ನಾನು ಇಣುಕಿದಾಗ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕತ್ತರಿ ಹಿಡಿದಿದ್ದಳು. ಆ ಕಂದು ತೋಳಿನ ಹೊಲಿಗೆ ಬಿಚ್ಚಿದರೆ ಅದೊಂದು ಮನೆಯಲ್ಲಿ ಉಳಿಯುತ್ತಿತ್ತು. ಅಜ್ಜಿಯ ಕೈಯ ನೂಲು ಇನ್ನೆಲ್ಲೂ ಇರಲಿಲ್ಲ. ಮೊದಲ ಎಳೆಗೆ ಕತ್ತರಿಯ ತುದಿ ತಾಗಿಸಿದಳು. ಆಮೇಲೆ ಕತ್ತರಿ ಕೆಳಗಿಟ್ಟು, "ಒಂದಾ ತೋಳಿನ ಅಂಗಿ ಕೊಟ್ರ ಆ ಕೂಸಿನ ಗತಿಯೇನು, ಅಲ್ಲೇನ ಗಿರಿಜಿ?" ಎಂದು ನನ್ನನ್ನೇ ಕೇಳಿ, ಇಡೀ ಅಂಗಿಯನ್ನು ಮಡಿಸಿ ಒಯ್ದು ಆ ಹೆಂಗಸಿನ ಉಡಿಗೆ ಹಾಕಿದಳು. ಸಂಜೆ ತಿಪ್ಪಿ ತನ್ನ ಅಂಗಿ ಎಲ್ಲಿ ಎಂದು ರಚ್ಚೆ ಹಿಡಿದಳು. "ತಂಬ್ರಹಳ್ಳಿಗೆ ಹೋಗೈತಿ." "ಬಸ್ಸಿಗಾ?" "ಹೂಂ, ಬಸ್ಸಿಗೆ."

ರಸ್ತೆ ಅಗಲವಾದಾಗ ಕಟ್ಟೆ ಹೋಯಿತು, ಪಡಸಾಲೆ ಹೋಯಿತು. ಉಳಿದ ಅರ್ಧ ಮನೆಯಲ್ಲಿ ಯಾರೂ ಇರಲಾಗದೆ ಒಬ್ಬೊಬ್ಬರು ಒಂದೊಂದು ಊರು ಸೇರಿದೆವು. ತಂಬ್ರಹಳ್ಳಿಯ ಆ ಕೂಸು ಉಳಿಯಿತೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ. ಆ ಹೆಂಗಸಿನ ಹೆಸರನ್ನು ಕೂಡ ನಾವು ಕೇಳಿರಲಿಲ್ಲ. ಈಗಲೂ ಚಳಿಗಾಲದಲ್ಲಿ ತಂಬ್ರಹಳ್ಳಿಯ ದಾರಿಯಲ್ಲಿ ಹೋಗುವಾಗ, ಬಸ್ಸು ಆ ಊರಲ್ಲಿ ನಿಂತರೆ ಕಿಟಕಿಯ ಗಾಜು ಸರಿಸಿ, ಒಂದು ಕಂದು ತೋಳು ಕಂಡೀತೇ ಎಂದು ತಾಯಂದಿರ ಸೊಂಟದ ಮೇಲಿನ ಕೂಸುಗಳ ಅಂಗಿಯ ತೋಳುಗಳನ್ನು ನೋಡುತ್ತೇನೆ. ಆ ಕೂಸು ಉಳಿದಿದ್ದರೆ ಈಗ ತನ್ನದೇ ಒಂದು ಕೂಸನ್ನು ಎತ್ತಿಕೊಳ್ಳುವ ವಯಸ್ಸಿನದು ಎಂಬುದು ಊರು ದಾಟಿದ ಮೇಲೆ ನೆನಪಾಗುತ್ತದೆ.