ಮೀನೆಣ್ಣೆಯ ಸೈಕಲ್ಲುಗಳು

ಗುಜರಿಯವನಿಗೆ ಇವತ್ತು, ನಾಳೆ ಎಂದು ಹೇಳಿ ಹೇಳಿ ಕೊನೆಗೆ ಈ ಭಾನುವಾರ ಬಾ ಎಂದಿದ್ದೆ. ಹೋಗುವ ಸೈಕಲ್ಲನ್ನು ಒಮ್ಮೆ ಒರೆಸಿ ಕಳಿಸೋಣ ಎಂದು ಕೂತವಳಿಗೆ ಸೀಟಿನ ಕೆಳಗೆ ಗಂಟು ಹಾಕಿದ್ದ ಬಟ್ಟೆಯ ಚೂರು ಕೈಗೆ ಸಿಕ್ಕಿತು. ಬಿಚ್ಚಿದೆ. ಬೂತಾಯಿ ಮೀನಿನ ಎಣ್ಣೆಯ ವಾಸನೆ! ಇಷ್ಟು ವರ್ಷವಾದರೂ ಹೋಗಿಲ್ಲ. ಎಲ್ಲಿತ್ತೋ, ಅಪಾರ್ಟ್‌ಮೆಂಟಿನ ಬೆಕ್ಕು ಬಂದು ಪಕ್ಕದಲ್ಲೇ ಕುಳಿತಿತು.

ಆ ಗಂಟು ಹಾಕಿದವರು ಮಣ್ಣಗುಡ್ಡದ ನಮ್ಮ ಹಳೆಯ ಮನೆಯ ಹತ್ತಿರ ಅಂಗಡಿ ಇಟ್ಟುಕೊಂಡಿದ್ದ ಸೈಕಲ್ ಮಾಮ. ಅವರ ಮನೆಯವರೆಲ್ಲ ಕಡಲಿಗೆ ಹೋಗುವವರು. ಇವರೊಬ್ಬರಿಗೆ ಮಾತ್ರ ದೋಣಿ ಅಲುಗಿದರೆ ಸಾಕು, ಹೊಟ್ಟೆ ತೊಳಸುತ್ತಿತ್ತಂತೆ. ಕಡಲು ಬಿಟ್ಟರೂ ದೋಣಿಯವರ ಬುದ್ಧಿ ಬಿಡಲಿಲ್ಲ. ದೋಣಿಯ ಮರಕ್ಕೆ ಮೀನೆಣ್ಣೆ ಹಚ್ಚುವ ಹಾಗೆ, ಮಳೆಗಾಲಕ್ಕೆ ಮೊದಲು ಸೈಕಲ್ಲುಗಳಿಗೂ ಹಚ್ಚಿಬಿಡುತ್ತಿದ್ದರು. “ಉಪ್ಪುಗಾಳಿ ಉಂಟಲ್ಲ ಮಗಾ, ಅದು ಬೇರೆ ಎಣ್ಣೆಗೆ ಹೆದರುದಿಲ್ಲ” ಎನ್ನುತ್ತಿದ್ದರು.

ನನ್ನ ಮೂರೂ ಸೈಕಲ್ಲುಗಳು ಅವರ ಕೈಯಿಂದಲೇ ಬಂದವು. ಮೂರೂ ಸೆಕೆಂಡ್‌ಹ್ಯಾಂಡ್. ಕಾಲೇಜಿಗೆ ಹೋದದ್ದು ಗಂಡಸರ ಸೈಕಲ್ಲಿನಲ್ಲಿ. ಪೆಡಲ್ಲಿಗೆ ಕಾಲು ಎಟುಕದೆ ಸೊಂಟ ಆಚೀಚೆ ಹೊರಳಬೇಕಿತ್ತು. ಎರಡನೆಯದು ನೀಲಿ. ಫಳ್ನೀರಿನ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ದಿನ ಅದರಲ್ಲೇ ಹೋಗಿದ್ದೆ. ಯಾರೋ ಅದನ್ನು ಕದ್ದಾಗ, ಮನೆಯ ಜನ ಹೋದ ಹಾಗೆ ಅತ್ತಿದ್ದೆ. ಮೂರನೆಯದು ಈ ಕಪ್ಪು ಮುದುಕಿ. ಜೂನ್ ಬಂತೆಂದರೆ ನಾತವೋ ನಾತ. ಅಮ್ಮ ಸೈಕಲ್ಲನ್ನು ಜಗಲಿಗೆ ಸೇರಿಸುತ್ತಿರಲಿಲ್ಲ, ಲ್ಯಾಬಿನವರು ಮೂಗು ಮುಚ್ಚುತ್ತಿದ್ದರು... ತುಕ್ಕು ಮಾತ್ರ ಹತ್ತಿರ ಸುಳಿಯಲಿಲ್ಲ.

ಎಣ್ಣೆ ಹಚ್ಚಿದ ಮೇಲೆ ಅವರದೊಂದು ಶಾಸ್ತ್ರವಿತ್ತು. “ಒಂದು ರೌಂಡ್ ಹೋಗಿ ಬಾ” ಎಂದು ನನ್ನನ್ನು ಹತ್ತಿಸಿ, ತಾವು ನಡು ರಸ್ತೆಯಲ್ಲಿ ಕೈ ಎತ್ತಿ ನಿಲ್ಲುತ್ತಿದ್ದರು. ಸಿಟಿ ಬಸ್ಸಾಗಲಿ, ಲಾರಿಯಾಗಲಿ, ನಿಲ್ಲಲೇಬೇಕು. ಡ್ರೈವರ್ ಬೈದರೆ ಇವರ ದನಿ ಇನ್ನೂ ಜೋರು. “ಹುಡುಗಿ ಸೈಕಲ್ ನೋಡ್ತಾ ಇದ್ದಾಳೆ, ಕಾಣುದಿಲ್ವಾ ಮಾರಾಯ?” ನಲವತ್ತು ದಾಟಿದ ಮೇಲೂ ನಾನು ಅವರಿಗೆ ಹುಡುಗಿಯೇ.

ಕೊನೆಯ ಸಲ ಹೋದಾಗ ರಸ್ತೆ ಅಗಲವಾಗಿ ಅಂಗಡಿ ಅರ್ಧ ಹೋಗಿತ್ತು. ಅವರೂ ಅರ್ಧವಾಗಿದ್ದರು. ಆದರೂ ಎಣ್ಣೆ ಹಚ್ಚಿದರು. ಆ ಬಟ್ಟೆಯನ್ನು ಸೀಟಿನ ಕೆಳಗೆ ಕಟ್ಟಿ, “ಮಳೆ ಜೋರಾದ್ರೆ ನೀನೇ ಒರೆಸು” ಎಂದರು. ರಸ್ತೆಗೆ ಇಳಿಯಲು ಅವರಿಂದ ಆಗಲಿಲ್ಲ. ಸ್ಟೂಲಿನ ಮೇಲೆ ಕುಳಿತೇ ಕೈ ಎತ್ತಿದರು. ಯಾವ ಬಸ್ಸಿನವನಿಗೆ ಅದು ಕಾಣಬೇಕು? ನಾನು ಅಂಚಿನಲ್ಲಿ ಕಾದು, ಸಂದು ಸಿಕ್ಕಾಗ ಒಂದು ಸುತ್ತು ಹೋಗಿ ಬಂದೆ.

“ನಿಲ್ಲಿಸಿದ್ರಲ್ಲ?” ಎಂದು ಕೇಳಿದರು.

“ಎಲ್ಲ ನಿಲ್ಲಿಸಿದ್ರು ಮಾಮ” ಎಂದೆ.

ಮುಂದಿನ ಮಳೆಗೆ ಅವರಿರಲಿಲ್ಲ. ಆಮೇಲೆ ಮೀನೆಣ್ಣೆ ತರಲು ನನಗೂ ಮನಸ್ಸಾಗಲಿಲ್ಲ. ಸೈಕಲ್ಲಿಗೆ ತುಕ್ಕು ಹಿಡಿಯಿತು, ನನಗೆ ಮಂಡಿನೋವು. ಈ ಊರಿನ ಏರು, ಈ ವಾಹನಗಳ ಗಲಾಟೆ... ಸಾಕಾಗಿ ಹೋಯಿತು. ಪಾರ್ಕಿಂಗಿನ ಮೂಲೆಯಲ್ಲಿ ಅದು ಬಿದ್ದಿರುವುದನ್ನು ದಿನಾ ನೋಡುವುದೂ ಸಾಕಾಯಿತು.

ಆ ಬಟ್ಟೆಯಲ್ಲೇ ಸೈಕಲ್ಲನ್ನು ಒರೆಸಿ ಮುಗಿಸುವಾಗ ಗುಜರಿಯವನು ಬಂದ. ಹ್ಯಾಂಡಲ್ ಹಿಡಿದು ಮೂಸಿ, “ಎಂತ ಅಕ್ಕ, ಮೀನು ಮಾರ್ಲಿಕ್ಕೆ ಇಟ್ಟದ್ದಾ ಇದು?” ಎಂದು ನಕ್ಕ. ಸೈಕಲ್ಲನ್ನು ತಳ್ಳಿಕೊಂಡು ಗೇಟಿನಾಚೆ ಫಳ್ನೀರ್ ರಸ್ತೆಗೆ ಇಳಿದ. ದಾಟಲು ಒಂದು ವಾಹನವೂ ಬಿಡಲಿಲ್ಲ. ಎರಡು ಸಲ ಮುಂದೆ ಹೋಗಿ ಹಿಂದೆ ಬಂದ.

ನಾನು ಯಾವಾಗ ರಸ್ತೆಗೆ ಇಳಿದೆನೋ ನನಗೇ ಗೊತ್ತಿಲ್ಲ. ಕೈ ಎತ್ತಿ ನಿಂತಿದ್ದೆ. ಬಸ್ಸೊಂದು ಗಕ್ಕನೆ ನಿಂತಿತು. “ಎಂತ ಅಕ್ಕ, ಜೀವ ಬೇಡ್ವಾ?” ಎಂದು ಡ್ರೈವರ್ ಕಿರುಚಿದ. ಸೈಕಲ್ ನಿಧಾನವಾಗಿ ದಾಟಿ, ತಿರುವಿನಲ್ಲಿ ಮರೆಯಾಯಿತು.

ಮಾಮ ಹೋದಾಗ ನಾನು ಅತ್ತಿರಲಿಲ್ಲ. ಈಗ ನಡು ರಸ್ತೆಯಲ್ಲಿ, ಅಷ್ಟು ಹಾರ್ನುಗಳ ಮಧ್ಯೆ, ಎತ್ತಿದ ಕೈ ಇಳಿಸದೆ ಅತ್ತೆ.