ಅಕ್ಕ ಕುಟ್ಟಿದ ರಾಷ್ಟ್ರೀಯ ಸಂಪತ್ತು

ನಮ್ಮಕ್ಕ ದೇಶದ ಖನಿಜ ಸಂಪತ್ತನ್ನು ಒರಳಿಗೆ ಹಾಕಿ ಕುಟ್ಟಿ, ಜರಡಿ ಹಿಡಿದು, ಮನೆ ಮುಂದೆ ರಂಗೋಲಿ ಬಿಟ್ಟುಬಿಟ್ಟಿದ್ದಾಳೆ!

ನಗಬೇಡಿ. ಕಳೆದ ಶುಕ್ರವಾರ ಸರ್ಕಾರಿ ಜೀಪು ಬಂದಾಗ ನಾನು ಅಲ್ಲೇ ಇದ್ದೆ.

ಅಕ್ಕನನ್ನು ಕೊಟ್ಟಿರುವುದು ನಾಗಮಂಗಲದ ದೇವಲಾಪುರದ ಕಡೆಗೆ. ಎರಡು ವರ್ಷದ ಹಿಂದೆ ಭಾವ ಹೊಲದಲ್ಲಿ ಬಾವಿಗೆ ಜಾಗ ಗುರುತು ಮಾಡಿಸಿದ್ದರು. ತೆಂಗಿನ ಸಸಿಗಳೂ ಬಂದಾಗಿತ್ತು. ಅಷ್ಟರಲ್ಲಿ ಸರ್ವೆಯವರು ಬಂದರು. (ಹೊಸ ಖನಿಜ ನೀತಿಯಿಂದ ದೇಶದ ಹಣೆಬರಹವೇ ಬದಲಾಗುತ್ತದೆ ಅಂತ ಇದೇ ಅಂಕಣದಲ್ಲಿ ಹೊಗಳಿ ಬರೆದವನು ನಾನೇ. ನನ್ನ ಬುದ್ಧಿಗಿಷ್ಟು!) ಹೊಲದಲ್ಲಿ ಏನೋ ಅಪರೂಪದ ಖನಿಜ ಇರಬಹುದಂತೆ. ಅಲ್ಲಲ್ಲಿ ಅಗೆದರು, ಬಿಳಿ ಕಲ್ಲುಗಳನ್ನು ಎರಡು ಚೀಲಕ್ಕೆ ತುಂಬಿ ಅಕ್ಕನ ಜಗಲಿ ಮೇಲಿಟ್ಟರು. "ಸ್ಯಾಂಪಲ್ಲು. ಮುಂದಿನ ವಾರ ಒಯ್ತೀವಿ. ರಿಪೋರ್ಟ್ ಬರೋವರೆಗೂ ಬಾವಿ ತೋಡಬೇಡಿ" ಎಂದು ಹೊರಟರು.

ಆ ಮುಂದಿನ ವಾರ ಬರಲು ಎರಡು ವರ್ಷ ಬೇಕಾಯಿತು.

ಅಷ್ಟರಲ್ಲಿ ಚೀಲ ಹರಿದು, ಕಲ್ಲು ಜಗಲಿ ತುಂಬಾ ಹರಡಿತ್ತು. ಕೊಡದಲ್ಲಿ ನೀರು ಹೊತ್ತು ಹಾಕಿದರೂ ಅರ್ಧ ಸಸಿ ಒಣಗಿದ್ದವು. ಆ ಕಡೆ ಹೆಂಗಸರು ರಂಗೋಲಿ ಪುಡಿ ಕೊಳ್ಳುವವರಲ್ಲ. ಬಿಳಿ ಕಲ್ಲು ಕಂಡರೆ ಮಡಿಲಿಗೆ ಹಾಕಿಕೊಂಡು ತಂದು ಕುಟ್ಟುವವರು. ಇದಂತೂ ಮನೆ ಬಾಗಿಲಿಗೇ ಬಂದ ಕಲ್ಲು, ಕಾಗೆಬಂಗಾರ ಬೇರೆ ಮಿನುಗುತ್ತಿತ್ತು. ಬಿಡುತ್ತಾಳೆಯೇ?

ಜೀಪಿನಿಂದ ಇಳಿದ ಸಾಹೇಬರು ಹೊಸಬರು. (ಹಳಬರಿಗೆ ಟ್ರಾನ್ಸ್‌ಫರ್.) "ಸ್ಯಾಂಪಲ್ ಎಲ್ಲಮ್ಮಾ?" ಎಂದರು.

"ಅಗೋ ಸಾಮಿ, ನೀವು ತುಳ್ಕಂಡು ನಿಂತಿರೋದೆಯ" ಎಂದಳು ಅಕ್ಕ.

"ಅದು ರಾಷ್ಟ್ರೀಯ ಸಂಪತ್ತು ಕಣಮ್ಮಾ!"

"ಅಂಗಂತ ಚೀಲದ ಮ್ಯಾಲೆ ಬರ್ದಿತ್ತಾ? ಎಲ್ಡು ವರ್ಸ ಒಂದು ನರಪಿಳ್ಳೆ ಈ ಕಡೆ ತಲೆ ಆಕ್ನಿಲ್ಲ!"

ಭಾವ ಮೆಲ್ಲಗೆ ಕೇಳಿದರು: "ಸಾಮಿ, ಬಾವಿ ತೋಡಬ್ಯಾಡಿ ಅಂದಿದ್ರಿ. ಈಗ್ಲಾದ್ರೂ ತೋಡ್ಸದಾ?"

ಸಾಹೇಬರು ಫೈಲು ತಿರುವಿದರು. "ಬೇಡ ಅಂತ ಇದರಲ್ಲಿ ಎಲ್ಲೂ ಇಲ್ಲವಲ್ಲ ಗೌಡ್ರೇ!"

ಭಾವ ಜಗಲಿ ಮೇಲೆ ಕುಸಿದು ಕೂತರು. "ಅಂಗಾರೆ ಇಷ್ಟು ದಿನ ಯಾರ ಮಾತು ಕೇಳ್ಕಂಡು ಕುಂತಿದ್ದೆ ನಾನು?"

ನನಗೆ ಮೈಯೆಲ್ಲ ಉರಿದುಹೋಯಿತು. "ಸರಿ, ನಾಳೆಯೇ ತೋಡಿಸ್ತಾರೆ" ಎಂದೆ.

"ಅಯ್ಯೋ, ಈಗ ಬೇಡ ಸಾರ್! ಹೊಸದಾಗಿ ಸ್ಯಾಂಪಲ್ ತೆಗೀಬೇಕು."

"ಹಾಗಾದರೆ ಅದನ್ನೇ ಬರೆದುಕೊಡಿ."

"ಬರೆದುಕೊಡೋ ಅಧಿಕಾರ ನನಗಿಲ್ಲ."

ಬರೆದುಕೊಡುವ ಅಧಿಕಾರವೇ ಇಲ್ಲದವರಿಗೆ, ಬೇಡ ಎನ್ನುವ ಅಧಿಕಾರ ಕೊಟ್ಟವರು ಯಾರು ಸ್ವಾಮಿ?